ಮಣಿರತ್ನಂ ಅವರ ಸ್ವಂತ ಸಿನಿಮಾ ಯಾವುದು: ‘ಪಲ್ಲವಿ ಅನುಪಲ್ಲವಿ’ಯೋ, ‘ಪೊನ್ನಿಯಿನ್ ಸೆಲ್ವನ್’ ಚಿತ್ರವೋ?

ಸೇಡಂ ರಸ್ತೆ (ಕಲಬುರಗಿ):

ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನಾನು ಈ ಸಲ ಸಿನಿಮಾ ಘಟಕಕ್ಕೆಂದು ‘ಪಲ್ಲವಿ ಅನುಪಲ್ಲವಿ’ಯನ್ನು ತರಗತಿಯಲ್ಲಿ ತೋರಿಸಿದೆ. ಮಣಿರತ್ನಂ ಅವರ ಮೊದಲ ಚಿತ್ರ ತಮಿಳಿನದಲ್ಲ, 1983ರಲ್ಲಿ ತೆರೆಗೆ ಬಂದ ಈ ಕನ್ನಡ ಚಿತ್ರ ಎಂದಾಗ ಮಕ್ಕಳು ನನ್ನ ಮಾತು ನಂಬದೆ ಮೊಬೈಲು ತೆಗೆದು ಪರೀಕ್ಷಿಸಿಕೊಂಡರು. ಅನಿಲ್ ಕಪೂರ್ ಕಾಣಿಸಿಕೊಂಡಾಗ ಹಿಂದಿನ ಬೆಂಚಿನಿಂದ ಸಿಳ್ಳೆಯೂ ಬಂತು. ಚಿತ್ರ ಮುಗಿದ ಮೇಲೆ ಎದ್ದ ವಾದ ಮಾತ್ರ ಇನ್ನೂ ಇಳಿದಿಲ್ಲ. ಇದೊಂದೇ ಅವರು ಮನಸ್ಸಿಟ್ಟು ಮಾಡಿದ ಸಿನಿಮಾ, ‘ರೋಜಾ’ದಿಂದ ‘ಪೊನ್ನಿಯಿನ್ ಸೆಲ್ವನ್’ವರೆಗಿನದೆಲ್ಲ ಬರೀ ವ್ಯಾಪಾರ ಎಂದು ಒಂದು ಗುಂಪು ಹೇಳುತ್ತಿದೆ. ಕನ್ನಡದ್ದು ಎಂಬ ಒಂದೇ ಕಾರಣಕ್ಕೆ ಸಾಧಾರಣ ಚಿತ್ರವೊಂದನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದೀರಿ ಎಂದು ಇನ್ನೊಂದು ಗುಂಪು ಹೇಳುತ್ತಿದೆ.

ನನ್ನ ಒಲವು ಮೊದಲ ಗುಂಪಿನ ಕಡೆಗೇ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ. ಪ್ರೀತಿಸಿದ ಹುಡುಗಿಯನ್ನು ಬಿಟ್ಟು ಎಸ್ಟೇಟಿಗೆ ಬರುವ ವಿಜಯ್ (ಅನಿಲ್ ಕಪೂರ್), ಗಂಡನಿಂದ ಬೇರೆಯಾಗಿ ಮಗನೊಡನೆ ಬದುಕುತ್ತಿರುವ, ವಯಸ್ಸಿನಲ್ಲಿ ಅವನಿಗಿಂತ ದೊಡ್ಡವಳಾದ ಅನು (ಲಕ್ಷ್ಮಿ), ಅವರಿಬ್ಬರ ನಡುವಿನ ನಂಟಿಗೆ ಏನಾದರೊಂದು ಹೆಸರು ಇಟ್ಟೇ ತೀರಬೇಕೆಂದು ಹಟ ಹಿಡಿದ ಊರು, ಕಥೆಯೆಂದರೆ ಇಷ್ಟೇ. ಇಪ್ಪತ್ತರ ಹರೆಯ ದಾಟುತ್ತಿದ್ದ ನಿರ್ದೇಶಕನೊಬ್ಬ ತನ್ನ ಮೊದಲ ಅವಕಾಶದಲ್ಲಿ ಇಂಥ ಕಥೆಯನ್ನು ಆರಿಸಿಕೊಂಡು, ಅನುವನ್ನು ಕರುಣೆಯ ಪಾತ್ರವಾಗಿಸದೆ, ವಿಜಯ್‌ನನ್ನು ಖಳನಾಗಿಸದೆ ನಡೆಸಿಕೊಂಡು ಹೋದದ್ದು ನನಗೆ ಈಗಲೂ ಸೋಜಿಗವೆನಿಸುತ್ತದೆ. ‘ಪೊನ್ನಿಯಿನ್ ಸೆಲ್ವನ್’ ನೋಡುವಾಗ ಕಣ್ಣು ತುಂಬುತ್ತದೆ, ಆದರೆ ಚಿತ್ರಮಂದಿರದಿಂದ ಹೊರಬಂದ ಮೇಲೆ ಜೊತೆಗೆ ಯಾರೂ ಬರುವುದಿಲ್ಲ. ತಾವೆಲ್ಲ ಏನೆನ್ನುತ್ತೀರಿ?

ಜೋಳದ ರೊಟ್ಟಿ (ಚಿತ್ತಾಪುರ):

ಇಬ್ಬರು ಮಕ್ಕಳನ್ನು ನಿಲ್ಲಿಸಿ ಇವರಲ್ಲಿ ನಿನ್ನ ಸ್ವಂತ ಮಗ ಯಾರು ಎಂದು ತಾಯಿಯನ್ನು ಕೇಳಿದಂತಾಯಿತು ಮೇಡಂ.

ಚೌಬಾರ (ಬೀದರ್):

ಮೇಡಂ ಅವರ ಪ್ರಶ್ನೆ ಚೆನ್ನಾಗಿದೆ, ಅದರ ಬುನಾದಿ ಮಾತ್ರ ಸಡಿಲವಾಗಿದೆ. ಮೊದಲ ಚಿತ್ರ ಎಂದಾಕ್ಷಣ ಅದು ಸ್ವಂತದ್ದು, ದುಡ್ಡು ಕಡಿಮೆ ಎಂದಾಕ್ಷಣ ಅದು ಪ್ರಾಮಾಣಿಕ ಎಂದು ನಾವು ಮೊದಲೇ ತೀರ್ಮಾನಿಸಿಬಿಟ್ಟಿರುತ್ತೇವೆ. ‘ಪಲ್ಲವಿ ಅನುಪಲ್ಲವಿ’ ಹುಟ್ಟಿದ ಬಗೆಯನ್ನು ನೋಡಿ. ಮಣಿರತ್ನಂ ಓದಿದ್ದು ಎಂ.ಬಿ.ಎ., ಮುಂಬೈಯ ಜಮ್ನಾಲಾಲ್ ಬಜಾಜ್ ಸಂಸ್ಥೆಯಲ್ಲಿ. ಮದ್ರಾಸಿನಲ್ಲಿ ಆಡಳಿತ ಸಲಹೆಗಾರರಾಗಿ ಕೆಲಸ ಮಾಡುತ್ತಿದ್ದವರು ಯಾರ ಕೈಕೆಳಗೂ ಸಹಾಯಕ ನಿರ್ದೇಶಕರಾಗಿ ದುಡಿದವರಲ್ಲ. ಬಿ.ಆರ್. ಪಂತುಲು ಅವರ ಮಗ ರವಿಶಂಕರ್ ನಿರ್ದೇಶಿಸುತ್ತಿದ್ದ ‘ಬಂಗಾರದ ಗಣಿ’ಯ ಬರವಣಿಗೆಯಲ್ಲಿ ಕೈಜೋಡಿಸಿದ್ದರಿಂದ ಅವರಿಗೆ ಕನ್ನಡ ಚಿತ್ರರಂಗದ ಪರಿಚಯವಾಯಿತು. ಆಮೇಲೆ ತಮ್ಮದೇ ಚಿತ್ರಕಥೆಯನ್ನು ಇಂಗ್ಲಿಷಿನಲ್ಲಿ ಬರೆದು ವೀನಸ್ ಪಿಕ್ಚರ್ಸ್‌ನ ತಮ್ಮ ಬಂಧು ಕೃಷ್ಣಮೂರ್ತಿಯವರ ಮುಂದಿಟ್ಟರು. ಚಿತ್ರ ಕನ್ನಡದಲ್ಲೇ ಆಗಬೇಕು, ಖರ್ಚು ಮಿತಿಯಲ್ಲಿರಬೇಕು ಎಂಬ ಷರತ್ತಿನ ಮೇಲೆ ಅವರು ಒಪ್ಪಿದರು. ಅಂದರೆ ಭಾಷೆಯನ್ನು ಗೊತ್ತು ಮಾಡಿದ್ದು ಷರತ್ತೇ ಹೊರತು ನಿರ್ದೇಶಕರ ಮನಸ್ಸಲ್ಲ.

ಇದರ ಎದುರಿಗೆ ‘ಪೊನ್ನಿಯಿನ್ ಸೆಲ್ವನ್’ ಇಡಿ. ತಮಿಳು ಲೇಖಕ ಕಲ್ಕಿಯವರ ಆ ಕಾದಂಬರಿಯನ್ನು ತೆರೆಗೆ ತರಲು ಅವರು 1980ರ ದಶಕದ ಕೊನೆಗೇ ಕಮಲ್ ಹಾಸನ್ ಅವರೊಂದಿಗೆ ಯೋಚಿಸಿದ್ದರು, ಹಣ ಹೊಂದಲಿಲ್ಲ. 2011ರ ಹೊತ್ತಿಗೆ ಮತ್ತೆ ಕೈಹಾಕಿದರು. ಆಗಲೂ ಖರ್ಚಿನ ಕಾರಣಕ್ಕೇ ಬಿಟ್ಟರು. ಕೊನೆಗೆ 2019ರಲ್ಲಿ ಚಿತ್ರೀಕರಣ ಶುರುವಾಗಿ, ಕೋವಿಡ್ ಅಡ್ಡ ಬಂದು, 2022ರಲ್ಲಿ ಮೊದಲ ಭಾಗ, 2023ರಲ್ಲಿ ಎರಡನೆಯದು ಬಂದವು. ಮೂರು ದಶಕ ಎದೆಯಲ್ಲಿಟ್ಟುಕೊಂಡು ತಿರುಗಿದ ಚಿತ್ರ ಸ್ವಂತದ್ದಲ್ಲ, ಷರತ್ತಿಗೆ ಒಪ್ಪಿ ಮಾಡಿದ್ದು ಸ್ವಂತದ್ದು ಎಂದರೆ ಅದು ಯಾವ ತರ್ಕ?

ಸೇಡಂ ರಸ್ತೆ (ಕಲಬುರಗಿ):

ಸರ್, ಷರತ್ತು ಭಾಷೆಯ ಮೇಲಿತ್ತು, ಕಥೆಯ ಮೇಲಿರಲಿಲ್ಲ. ಅನುವಿನ ಪಾತ್ರ ಅವರದೇ. ‘ಪೊನ್ನಿಯಿನ್ ಸೆಲ್ವನ್’ನಲ್ಲಿ ಕುಂದವೈಯೂ ನಂದಿನಿಯೂ ಕಲ್ಕಿಯವರ ಮಕ್ಕಳು. ಆಸೆಪಟ್ಟದ್ದೆಲ್ಲ ಸ್ವಂತದ್ದಾಗುವುದಾದರೆ ನಾವೆಲ್ಲರೂ ಪಕ್ಕದ ಮನೆಯ ತೋಟಕ್ಕೆ ಹಕ್ಕುದಾರರಾಗುತ್ತಿದ್ದೆವು.

ಹಳೇ ಪ್ರೊಜೆಕ್ಟರ್ (ಕಲಬುರಗಿ):

ದೊಡ್ಡವರು ತರ್ಕ ಮಾಡುತ್ತಿದ್ದೀರಿ, ನಾನು ಕ್ಯಾಬಿನ್ನಿನಿಂದ ಕಂಡದ್ದನ್ನು ಹೇಳುತ್ತೇನೆ. ಆಗ ನಾನು ಊರಿನ ಒಂದು ಚಿತ್ರಮಂದಿರದಲ್ಲಿ ಆಪರೇಟರ್ ಆಗಿದ್ದೆ. ಅದು ಮುಚ್ಚಿ ಬಹಳ ಕಾಲವಾಯಿತು, ಹೆಸರು ಬೇಡ. ‘ಪಲ್ಲವಿ ಅನುಪಲ್ಲವಿ’ ನಮ್ಮಲ್ಲಿಗೆ ಬರುವ ಹೊತ್ತಿಗೆ ಪ್ರಿಂಟು ದಕ್ಷಿಣದ ಜಿಲ್ಲೆಗಳನ್ನೆಲ್ಲ ಸುತ್ತಿ ಬಂದಿತ್ತು, ರೀಲಿನ ಆರಂಭದಲ್ಲೂ ಕೊನೆಯಲ್ಲೂ ಗೀರುಗಳು ಮಳೆಯ ಹಾಗೆ ಇಳಿಯುತ್ತಿದ್ದವು. ಅದು ಎಲ್ಲ ಚಿತ್ರಗಳಿಗೂ ಇದ್ದದ್ದೇ. ಈ ಚಿತ್ರದ ತೊಂದರೆ ಬೇರೆ ಇತ್ತು.

ಆಗ ನಮ್ಮದು ಕಾರ್ಬನ್ ಕಡ್ಡಿಯ ಯಂತ್ರ. ಎರಡು ಕಡ್ಡಿಗಳ ತುದಿಗಳ ನಡುವೆ ಕಿಡಿ ಹತ್ತಿ ಆ ಬೆಳಕು ಹಿಂದಿನ ಕನ್ನಡಿಗೆ ಬಡಿದು ಫಿಲ್ಮಿನ ಮೇಲೆ ಬೀಳಬೇಕು. ಕಡ್ಡಿ ಉರಿದಂತೆ ನಡುವಿನ ಅಂತರ ಹೆಚ್ಚುತ್ತದೆ, ಅದನ್ನು ಸರಿಪಡಿಸುತ್ತಲೇ ಇರಬೇಕು, ಸ್ವಲ್ಪ ಮೈಮರೆತರೆ ಪರದೆ ಹಳದಿಗೆ ತಿರುಗುತ್ತದೆ. ಇದರ ಮೇಲೆ ಬೇಸಿಗೆಯ ಸಂಜೆ ವೋಲ್ಟೇಜ್ ಇಳಿದರೆ ಕೇಳುವುದೇ ಬೇಡ. ಹೊಡೆದಾಟದ ಚಿತ್ರಗಳಿಗೆ ಇದರಿಂದ ಏನೂ ಆಗುತ್ತಿರಲಿಲ್ಲ, ಅವುಗಳಲ್ಲಿ ಎಲ್ಲ ಕಡೆಯಿಂದಲೂ ದೀಪ ಸುರಿದಿರುತ್ತಿದ್ದರು. ಬಾಲು ಮಹೇಂದ್ರ ಅವರ ಛಾಯಾಗ್ರಹಣ ಹಾಗಲ್ಲ. ಕಿಟಕಿಯಿಂದ ಬರುವಷ್ಟೇ ಬೆಳಕು, ಮುಖದ ಅರ್ಧ ನೆರಳಿನಲ್ಲಿ. ಲಕ್ಷ್ಮಿಯವರು ಮಾತಾಡದೆ ನಿಂತ ದೃಶ್ಯಗಳಲ್ಲಿ ನಮ್ಮ ಪರದೆಯ ಮೇಲೆ ಸೀರೆಯ ಅಂಚು ಕಾಣುತ್ತಿತ್ತು, ಕಣ್ಣು ಕಾಣುತ್ತಿರಲಿಲ್ಲ. ಗಾಂಧಿ ಕ್ಲಾಸಿನಿಂದ ‘ಲೈಟ್ ಹಚ್ಚೋ’ ಎಂದು ಕೂಗುತ್ತಿದ್ದರು. ನಾನು ಕಡ್ಡಿ ಹತ್ತಿರ ತಂದು ಬೆಳಕು ಏರಿಸುತ್ತಿದ್ದೆ. ಏರಿಸಿದರೆ ಬಿಳಿ ಗೋಡೆ ಹೊಳೆಯುತ್ತಿತ್ತು, ಮುಖ ಹಾಗೆಯೇ ಇರುತ್ತಿತ್ತು. ವಾರ ತುಂಬುವ ಮೊದಲೇ ಚಿತ್ರ ಎತ್ತಿದರು.

2022ರಲ್ಲಿ ಮೊಮ್ಮಗ ನನ್ನನ್ನು ‘ಪೊನ್ನಿಯಿನ್ ಸೆಲ್ವನ್’ಗೆ ಕರೆದುಕೊಂಡು ಹೋದ. ಈಗ ಚಿತ್ರ ಹಾರ್ಡ್ ಡಿಸ್ಕಿನಲ್ಲಿ ಬರುತ್ತದೆ, ಬೆಂಗಳೂರಿನ ಪರದೆಯೂ ನಮ್ಮೂರಿನ ಪರದೆಯೂ ಹೆಚ್ಚು ಕಡಿಮೆ ಒಂದೇ. ದೀಪದ ಬೆಳಕಿನ ದೃಶ್ಯವೂ ಎಳೆ ಎಳೆಯಾಗಿ ಕಂಡಿತು. ಹೀಗಾಗಿ ಎರಡು ಚಿತ್ರಗಳನ್ನು ತೂಗುವಾಗ ನಾವು ಯಾವ ‘ಪಲ್ಲವಿ ಅನುಪಲ್ಲವಿ’ಯನ್ನು ನೋಡಿದ್ದೇವೆ ಎಂದು ಮೊದಲು ಕೇಳಿಕೊಳ್ಳಬೇಕು. ನಮ್ಮ ಭಾಗದ ಬಹುಪಾಲು ಜನ ಆ ಚಿತ್ರವನ್ನು ನೋಡಿಯೇ ಇಲ್ಲ, ಅದರ ಮಸುಕು ನೆರಳನ್ನು ನೋಡಿದ್ದಾರೆ.

ಭೀಮಾ ದಂಡೆ (ಯಾದಗಿರಿ):

ಕಾಕಾ, ಒಂದು ಸಂಶಯ. ಹಳೆಯ ಚಿತ್ರಗಳಲ್ಲಿ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಸಣ್ಣ ದುಂಡು ಚುಕ್ಕೆ ಮಿಂಚಿ ಹೋಗುತ್ತಿತ್ತಲ್ಲ, ಅದು ಪ್ರಿಂಟಿನ ದೋಷವೇ?

ಹಳೇ ಪ್ರೊಜೆಕ್ಟರ್ (ಕಲಬುರಗಿ):

ದೋಷವಲ್ಲ ತಮ್ಮಾ, ಅದು ನಮಗೆ ಸೂಚನೆ. ಎರಡು ಸಾವಿರ ಅಡಿಯ ಒಂದು ಸುರುಳಿ ಸುಮಾರು ಇಪ್ಪತ್ತು ನಿಮಿಷ ಓಡುತ್ತದೆ. ಮೊದಲ ಚುಕ್ಕೆ ಕಂಡೊಡನೆ ಇನ್ನೊಂದು ಯಂತ್ರದ ಮೋಟಾರು ಹಾಕಬೇಕು, ಎರಡನೆಯ ಚುಕ್ಕೆಗೆ ಬೆಳಕು ಬದಲಿಸಬೇಕು. ನಿಶ್ಶಬ್ದ ದೃಶ್ಯದಲ್ಲಿ ಈ ಬದಲಾವಣೆ ತುಸು ಹೆಚ್ಚುಕಡಿಮೆಯಾದರೂ ಪ್ರೇಕ್ಷಕರಿಗೆ ಗೊತ್ತಾಗುತ್ತದೆ, ಹೊಡೆದಾಟದಲ್ಲಿ ಗೊತ್ತಾಗುವುದಿಲ್ಲ. ಆಪರೇಟರನ ಮಾನ ಕಳೆಯುವುದು ಯಾವಾಗಲೂ ಶಾಂತವಾದ ಚಿತ್ರಗಳೇ.

ನಿಜಾಂ ಏರಿಯಾ (ಕಲಬುರಗಿ):

ಕಾಕಾ ಹೇಳಿದ್ದಕ್ಕೆ ಹಂಚಿಕೆಯ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ನಾನು ಹಂಚಿಕೆದಾರರ ಕಚೇರಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವನು. ಕನ್ನಡ ಚಿತ್ರಗಳಿಗೆ ನಮ್ಮದು ‘ಹೈದರಾಬಾದ್ ಕರ್ನಾಟಕ’ ಏರಿಯಾ, ಗಾಂಧಿನಗರದಿಂದ ಪ್ರಿಂಟು ಬರಬೇಕು, ಬೆಂಗಳೂರು, ಮೈಸೂರು ಕಡೆ ಮುಗಿದ ಮೇಲೆ. ಹಿಂದಿ ಚಿತ್ರಗಳ ವ್ಯಾಪಾರದಲ್ಲಿ ನಾವು ಹಳೆಯ ನಿಜಾಮರ ಲೆಕ್ಕದಲ್ಲೇ ಉಳಿದವರು. ಅವು ಹೈದರಾಬಾದಿನಿಂದ ನೇರವಾಗಿ, ಬೇಗನೆ ಬರುತ್ತಿದ್ದವು, ತೆಲುಗಿನವೂ ಹಾಗೆಯೇ. ಆದ್ದರಿಂದ ನಮ್ಮ ಮೂರು ಜಿಲ್ಲೆಗಳಲ್ಲಿ ಮಣಿರತ್ನಂ ಎಂಬ ಹೆಸರು ನೆಟ್ಟಗೆ ಕೇಳಿಬಂದದ್ದು 1989ರ ತೆಲುಗು ‘ಗೀತಾಂಜಲಿ’ಯಿಂದ. ನಾಗಾರ್ಜುನನ ಆ ಚಿತ್ರ ನೋಡಿ ಅತ್ತವರಲ್ಲಿ ಯಾರಿಗೂ ಈ ನಿರ್ದೇಶಕ ಆರು ವರ್ಷ ಮೊದಲೇ ಕನ್ನಡದಲ್ಲಿ ಚಿತ್ರ ಮಾಡಿದ್ದಾನೆಂದು ಗೊತ್ತಿರಲಿಲ್ಲ. ನಮಗೆ ಅವರ ಮೊದಲ ಚಿತ್ರ ಎರಡನೆಯದಾಗಿಯೋ ಐದನೆಯದಾಗಿಯೋ ಬಂತು. ಹೀಗೆ ಹಿಂದಿನಿಂದ ಮುಂದಕ್ಕೆ ನೋಡಿದವರಿಗೆ ಅದು ಚಿನ್ನದಂತೆ ಕಾಣುವುದು ಸಹಜ.

ಜೋಳದ ರೊಟ್ಟಿ (ಚಿತ್ತಾಪುರ):

ಆ ಮೊದಲ ಚಿತ್ರ ನೋಡುವುದಕ್ಕೂ ಮೊದಲು ಎಲ್ಲರೂ ಕೇಳಿದ್ದು ಐಡಿಯಾ ಮೊಬೈಲ್ ಕಂಪನಿಯ ಜಾಹೀರಾತಿನ ರಾಗ. ಅದು ಇಳಯರಾಜ ಅವರು ಈ ಚಿತ್ರಕ್ಕೆ ಮಾಡಿದ ಸಂಗೀತ ಎಂದು ನಮ್ಮ ಮನೆಯಲ್ಲಿ ಹೇಳಿದರೆ ಈಗಲೂ ಯಾರೂ ಒಪ್ಪುವುದಿಲ್ಲ.

ಸಗರನಾಡು (ಶಹಾಪುರ):

ಪುರುಷರೆಲ್ಲ ಪ್ರಿಂಟು, ಏರಿಯಾ, ಕಾರ್ಬನ್ ಕಡ್ಡಿ ಎನ್ನುತ್ತಿದ್ದೀರಿ. ಅನುವಿನ ವಿಷಯಕ್ಕೆ ಬರುತ್ತೇನೆ.

ಗಂಡನನ್ನು ಬಿಟ್ಟು ಬಂದ ಹೆಂಗಸು ನಮ್ಮ ಊರುಗಳಲ್ಲಿ ಇಂದಿಗೂ ಮದುವೆ ಮನೆಗೆ ಹೋದರೆ ಹಿಂದಿನ ಸಾಲಿನಲ್ಲಿ ಕೂಡುತ್ತಾಳೆ. ನಾನು ಶಾಲೆಯಲ್ಲಿ ಕೆಲಸ ಮಾಡುವವಳು. ಶಾಲಾ ದಾಖಲಾತಿಯಲ್ಲಿ ತಂದೆಯ ಹೆಸರಿನ ಅಂಕಣದ ಮುಂದೆ ತಾಯಂದಿರು ಪೆನ್ನು ಹಿಡಿದು ತಡೆಯುವುದನ್ನು ಪ್ರತಿ ಜೂನ್ ತಿಂಗಳಲ್ಲಿ ನೋಡುತ್ತೇನೆ. 1983ರಲ್ಲಿ ಅಂಥವಳನ್ನು ನಾಯಕಿಯ ಸ್ಥಾನದಲ್ಲಿ ಕೂರಿಸಿ, ಅವಳ ಸ್ನೇಹವನ್ನು ಪ್ರೇಕ್ಷಕರು ಅನುಮಾನಿಸುವಂತೆ ಮಾಡಿ, ಅನುಮಾನಿಸಿದವರೇ ನಾಚಿಕೊಳ್ಳುವಂತೆ ಮಾಡುವುದು ಸಣ್ಣ ಕೆಲಸವಲ್ಲ. ಅದಕ್ಕೆ ಲಕ್ಷ್ಮಿಯವರಂಥ ನಟಿಯೂ ಬೇಕಿತ್ತು. ಆಗ ಅವರು ಹೆಸರಾಂತ ತಾರೆ, ಅನಿಲ್ ಕಪೂರ್ ಇನ್ನೂ ಯಾರೆಂದು ಗೊತ್ತಿಲ್ಲದ ಹುಡುಗ. ಇಬ್ಬರ ನಡುವಿನ ವಯಸ್ಸಿನ, ವರ್ಚಸ್ಸಿನ ಅಂತರವೇ ಕಥೆಗೆ ಬಲವಾಗಿದೆ.

ಹಾಗೆಂದು ಮೇಡಂ ಅವರ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಈ ಕಾಳಜಿ ಮೊದಲ ಚಿತ್ರಕ್ಕೇ ನಿಂತುಹೋಗಿಲ್ಲ. ‘ಮೌನ ರಾಗಂ’ನ ದಿವ್ಯಾ ಮನಸ್ಸಿಲ್ಲದ ಮದುವೆಯಲ್ಲಿ ಗಂಡನ ಮುಖಕ್ಕೇ ವಿಚ್ಛೇದನ ಕೇಳುತ್ತಾಳೆ, ‘ಅಲೈಪಾಯುದೇ’ ಮದುವೆಯಾದ ಮೇಲೆ ಪ್ರೀತಿ ಹೇಗೆ ಸವೆಯುತ್ತದೆ ಎಂಬುದನ್ನು ತೋರಿಸುತ್ತದೆ, ‘ಕನ್ನತ್ತಿಲ್ ಮುತ್ತಮಿಟ್ಟಾಲ್’ ದತ್ತು ಮಗಳು ಹೆತ್ತವಳನ್ನು ಹುಡುಕಿಕೊಂಡು ಶ್ರೀಲಂಕಾದ ಯುದ್ಧದ ನಡುವೆ ಹೋಗುವ ಕಥೆ. ಇವೆಲ್ಲ ಅನುವಿನ ಮನೆಯ ಬಾಗಿಲಿನಿಂದಲೇ ಹೊರಟವು. ದೊಡ್ಡದಾಗುತ್ತ ಹೋದಂತೆ ಹಾಳಾದರು ಎಂಬುದು ಸುಲಭದ ಮಾತು.

ಚೌಬಾರ (ಬೀದರ್):

ಅಕ್ಕಾ, ನಾನು ಹೇಳಬೇಕೆಂದಿದ್ದನ್ನು ನನಗಿಂತ ಚೆನ್ನಾಗಿ ಹೇಳಿದಿರಿ. ಒಂದು ಸಣ್ಣ ಸೇರ್ಪಡೆ ಮಾತ್ರ: ಅನಿಲ್ ಕಪೂರ್ ಅದಕ್ಕೂ ಮೊದಲೇ, 1980ರಲ್ಲಿ, ಬಾಪು ಅವರ ತೆಲುಗು ‘ವಂಶವೃಕ್ಷಂ’ನಲ್ಲಿ ನಾಯಕನಾಗಿದ್ದರು. ಅದರ ಮೂಲವೂ ಭೈರಪ್ಪನವರ ಕಾದಂಬರಿ. ಅಂದರೆ ಆ ಹುಡುಗನಿಗೆ ದಕ್ಷಿಣದ ನಂಟು ಕನ್ನಡದ ಕಥೆಯಿಂದಲೇ ಶುರುವಾಗಿತ್ತು.

ಕಾಗಿಣಾ (ಮಳಖೇಡ):

ಇಷ್ಟು ಹೊತ್ತು ಸುಮ್ಮನಿದ್ದೆ. ‘ಪೊನ್ನಿಯಿನ್ ಸೆಲ್ವನ್’ ಬಗ್ಗೆ ಮಾತಾಡುವಾಗ ಮಳಖೇಡದವನೊಬ್ಬ ಬಾಯಿ ಬಿಡದಿದ್ದರೆ ತಪ್ಪಾಗುತ್ತದೆ.

ಚಿತ್ರದ ಆರಂಭದಲ್ಲೇ ಚೋಳ ಯುವರಾಜ ಆದಿತ್ಯ ಕರಿಕಾಲನು ರಾಷ್ಟ್ರಕೂಟರ ಮೇಲೆ ಬಿದ್ದು ಗೆಲ್ಲುತ್ತಾನೆ. ಯಾರು ಆ ರಾಷ್ಟ್ರಕೂಟರು? ನಮ್ಮ ಕಾಗಿಣಾ ದಂಡೆಯ ಮಾನ್ಯಖೇಟದವರು. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿದ ಮನೆತನ. ಚಿತ್ರದಲ್ಲಿ ಅವರಿಗೆ ಮುಖವೇ ಇಲ್ಲ. ಧೂಳು, ಕುದುರೆ, ಬೀಳುವ ಹೆಣ, ಅಷ್ಟೇ. ನಿಜವಾದ ಇತಿಹಾಸದಲ್ಲಿ 949ರ ತಕ್ಕೋಲಂ ಯುದ್ಧದಲ್ಲಿ ಮೂರನೆಯ ಕೃಷ್ಣನ ಪಡೆ ಚೋಳರನ್ನು ಸೋಲಿಸಿತು, ಚೋಳ ಯುವರಾಜ ರಾಜಾದಿತ್ಯ ಆನೆಯ ಮೇಲೆಯೇ ಸತ್ತ. ಮಾನ್ಯಖೇಟವನ್ನು 972ರಲ್ಲಿ ಕೊಳ್ಳೆ ಹೊಡೆದದ್ದು ಮಾಳವದ ಪರಮಾರ ಸೀಯಕ, ಮರುವರ್ಷ ರಾಷ್ಟ್ರಕೂಟರ ಆಳ್ವಿಕೆಯನ್ನು ಮುಗಿಸಿದ್ದು ಚಾಲುಕ್ಯ ತೈಲಪ. ಈ ಲೆಕ್ಕದಲ್ಲಿ ಕರಿಕಾಲನಿಗೆ ಜಾಗವೆಲ್ಲಿದೆ?

ಸಂಜೆ ಕೋಟೆಯ ಕಡೆ ಬಂದು ನೋಡಿ. ಬುರುಜಿನ ಕಲ್ಲುಗಳ ಸಂದಿಯಲ್ಲಿ ಜಾಲಿ ಬೆಳೆದಿದೆ, ಆಚೆ ರಸ್ತೆಯಲ್ಲಿ ಸಿಮೆಂಟಿನ ಲಾರಿಗಳ ಧೂಳು. ಕೋಟಿಗಟ್ಟಲೆ ಸುರಿದು ಮಾಡಿದ ಚಿತ್ರದಲ್ಲಿ ನಮಗೆ ಒಂದು ಮುಖವನ್ನಾದರೂ ಕೊಡಬಹುದಿತ್ತು.

ಚೌಬಾರ (ಬೀದರ್):

ಸರ್, ಅದು ಕಾದಂಬರಿಯ ಕಥೆ, ಚೋಳರ ಕಣ್ಣಿನಿಂದ ಹೇಳಿದ್ದು. ನಾವು ಚಿತ್ರ ಮಾಡಿದ್ದರೆ ಚೋಳರಿಗೆ ಮುಖ ಕೊಡುತ್ತಿದ್ದೆವೆಯೇ? ಇದು ಮೇಡಂ ಅವರ ಪ್ರಶ್ನೆಯಿಂದ ದೂರ ಹೋಯಿತು.

ಕಾಗಿಣಾ (ಮಳಖೇಡ):

ದೂರ ಹೋಗಿಲ್ಲ, ಪ್ರಶ್ನೆಯ ಹೊಟ್ಟೆಯಲ್ಲೇ ಇದೆ. ಅದೇ ತಕ್ಕೋಲಂ ಯುದ್ಧದ ಬಗ್ಗೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಶಾಸನವೊಂದು ಸಿಕ್ಕಿದೆ. ರಾಜಾದಿತ್ಯನನ್ನು ಕೊಂದ ಗಂಗರ ಬೂತುಗನಿಗೆ ಕೃಷ್ಣನು ಬನವಾಸಿ ಮೊದಲಾದ ನಾಡುಗಳನ್ನು ಕೊಟ್ಟದ್ದನ್ನು ಹೇಳುವ ಕಲ್ಲು ಅದು. ಬೂತುಗನ ಪರವಾಗಿ ಕಾದಿದ ಮಣಲೇರ ಎಂಬ ವೀರನಿಗೆ ಏನು ಬೇಕು ಕೇಳು ಎಂದಾಗ ಅವನು ನಾಡು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ. ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ದಂಡು, ಆನೆ, ನಾಡುಗಳ ದಾನ ಎಲ್ಲವೂ ಇರುವ ಕಲ್ಲಿನ ಮೇಲೆ ನಾಯಿಗೂ ಹಂದಿಗೂ ಜಾಗ ಸಿಕ್ಕಿದೆ, ಅವುಗಳ ಚಿತ್ರವನ್ನೂ ಕೆತ್ತಿದ್ದಾರೆ. ದೊಡ್ಡ ಸಿನಿಮಾದಿಂದ ನಾನು ಕೇಳುವುದು ಅದನ್ನೇ. ‘ಪೊನ್ನಿಯಿನ್ ಸೆಲ್ವನ್’ನ ಎರಡೂ ಭಾಗಗಳನ್ನು ನೋಡಿದೆ, ಆ ನಾಯಿಯಂಥದ್ದು ಒಂದೂ ಸಿಗಲಿಲ್ಲ.

ಸೇಡಂ ರಸ್ತೆ (ಕಲಬುರಗಿ):

ಕಾಗಿಣಾ ಅವರೇ, ಈ ಮಾತನ್ನು ನಾಳೆ ತರಗತಿಯಲ್ಲಿ ಹೇಳುತ್ತೇನೆ, ಅಪ್ಪಣೆ ಇರಲಿ.

ಸಗರನಾಡು (ಶಹಾಪುರ):

ಸಿಗಲಿಲ್ಲ ಎಂದರೆ ಹೇಗೆ? ಎರಡನೆಯ ಭಾಗದ ಆರಂಭದಲ್ಲಿ ಹರೆಯದ ಕರಿಕಾಲ ಮತ್ತು ನಂದಿನಿಯ ಪ್ರೀತಿಯ ಭಾಗವಿದೆ. ಮಾತು ಬಹಳ ಕಡಿಮೆ, ನೋಟದಲ್ಲೇ ಕಥೆ ಸಾಗುತ್ತದೆ. ಅಲ್ಲಿ ನನಗೆ ಹಳೆಯ ಮಣಿರತ್ನಂ ಕಂಡರು. ಇಬ್ಬರೂ ದೊಡ್ಡವರಾಗಿ ಕೊನೆಗೆ ಎದುರುಬದುರಾಗುವ ದೃಶ್ಯವೂ ಹಾಗೆಯೇ, ಒಂದು ಕೋಣೆಯಲ್ಲಿ ಇಬ್ಬರೇ. ಚೋಳ ಸಾಮ್ರಾಜ್ಯವನ್ನು ತೆಗೆದು ಅಲ್ಲಿ ಒಂದು ಎಸ್ಟೇಟ್ ಇಟ್ಟರೂ ಆ ದೃಶ್ಯ ನಿಲ್ಲುತ್ತದೆ.

ಭೀಮಾ ದಂಡೆ (ಯಾದಗಿರಿ):

ದೊಡ್ಡ ಚಿತ್ರ ಎಂದರೆ ‘ಥಗ್ ಲೈಫ್’ ಬಗ್ಗೆಯೂ ಮಾತಾಡಬೇಕಲ್ಲವೇ? 2025ರ ಜೂನ್ 5ರಂದು ಉಳಿದ ಕಡೆ ಬಿಡುಗಡೆಯಾದಾಗ ಕರ್ನಾಟಕದಲ್ಲಿ ತೆರೆ ಕಾಣಲಿಲ್ಲ. ಕನ್ನಡದಲ್ಲಿ ಹುಟ್ಟಿದ ನಿರ್ದೇಶಕರ ಚಿತ್ರ ಕನ್ನಡ ನಾಡಿನಲ್ಲೇ ಬರಲಿಲ್ಲ. ಕಮಲ್ ಹಾಸನ್ ಅವರು ಆಡಿದ ಮಾತಿಗೆ

ನಿರ್ವಾಹಕ:

ಭಾಷೆಯ ಹುಟ್ಟಿನ ವಿವಾದಕ್ಕೆ ಈ ಎಳೆಯಲ್ಲಿ ಜಾಗವಿಲ್ಲ. ಉಳಿದ ಸಾಲುಗಳನ್ನು ತೆಗೆದಿದ್ದೇನೆ. ಚಿತ್ರದ ಬಗ್ಗೆ ಬರೆಯಿರಿ.

ಭೀಮಾ ದಂಡೆ (ಯಾದಗಿರಿ):

ಆಗಲಿ, ಚಿತ್ರದ ಬಗ್ಗೆಯೇ ಕೇಳುತ್ತೇನೆ. ‘ಪಲ್ಲವಿ ಅನುಪಲ್ಲವಿ’ ಅಷ್ಟು ಒಳ್ಳೆಯ ಚಿತ್ರವಾಗಿದ್ದರೆ, ಚಿತ್ರಕಥೆಗೆ ರಾಜ್ಯ ಪ್ರಶಸ್ತಿಯೂ ಬಂದಿದ್ದರೆ, ಅವರು ಎರಡನೆಯ ಕನ್ನಡ ಚಿತ್ರ ಯಾಕೆ ಮಾಡಲಿಲ್ಲ? ನೇರವಾಗಿ ತಮಿಳಿಗೆ ಹೋದರಲ್ಲ?

ಚೌಬಾರ (ಬೀದರ್):

ನೇರವಾಗಿ ಹೋಗಲಿಲ್ಲ. ಎರಡನೆಯದು 1984ರ ಮಲಯಾಳಂ ‘ಉಣರೂ’, ಕೇರಳದ ಕಾರ್ಮಿಕ ಸಂಘಗಳ ರಾಜಕೀಯದ ಕಥೆ. ತಮಿಳು ಬಂದದ್ದು ಮೂರನೆಯದಾಗಿ, 1985ರ ‘ಪಗಲ್ ನಿಲವು’. ಅದರ ನಾಯಕ ಮುರಳಿ ಯಾರು ಗೊತ್ತೇ? ‘ಬಂಗಾರದ ಮನುಷ್ಯ’ ನಿರ್ದೇಶಿಸಿದ ನಮ್ಮ ಸಿದ್ದಲಿಂಗಯ್ಯನವರ ಮಗ. ಅದೇ ವರ್ಷ ‘ಇದಯ ಕೋವಿಲ್’ ಬಂತು. ಈ ಎರಡನ್ನು ನೋಡಿದರೆ ಮೇಡಂ ಅವರ ವಾದ ಇನ್ನಷ್ಟು ಸಡಿಲವಾಗುತ್ತದೆ. ಇವೂ ಆರಂಭದ ಚಿತ್ರಗಳೇ, ಇವೂ ಸಣ್ಣವೇ, ಆದರೆ ಕಥೆಗೆ ಸಂಬಂಧವಿಲ್ಲದ ಹಾಸ್ಯದ ತುಂಡುಗಳು, ಹಾಡಿಗಾಗಿ ಹಾಡು, ಆ ಕಾಲದ ಮಾರುಕಟ್ಟೆ ಕೇಳಿದ್ದೆಲ್ಲ ಇವುಗಳಲ್ಲಿದೆ. ಆರಂಭದ ದಿನಗಳಲ್ಲಿ ನಿರ್ದೇಶಕನ ಕೈ ಕಟ್ಟಿರುತ್ತದೆ. 1986ರ ‘ಮೌನ ರಾಗಂ’ ಗೆದ್ದ ಮೇಲೆ, 1987ರ ‘ನಾಯಗನ್’ ಬಂದ ಮೇಲೆ ಅವರಿಗೆ ಬೇಡ ಎನ್ನುವ ಧೈರ್ಯ ಬಂತು. ಗೆಲುವು ಅವರ ಸ್ವಂತಿಕೆಯನ್ನು ತಿಂದಿತು ಎನ್ನುವವರು ಈ ಸರಣಿಯನ್ನು ನೋಡಬೇಕು. ಗೆಲುವೇ ಅದನ್ನು ಕಾಪಾಡಿತು.

ನಿಜಾಂ ಏರಿಯಾ (ಕಲಬುರಗಿ):

ಒಪ್ಪುತ್ತೇನೆ, ಆದರೆ ಅರ್ಧಕ್ಕೆ. ಗೆಲುವು ಕಾಪಾಡುವುದೂ ಒಂದು ಮಿತಿಯವರೆಗೆ. 1997ರ ‘ಇರುವರ್’ ನೋಡಿ. ದೊಡ್ಡ ಚಿತ್ರ, ದೊಡ್ಡ ತಾರೆಯರು, ಸಂತೋಷ್ ಶಿವನ್ ಅವರ ಕ್ಯಾಮೆರಾ, ನಮ್ಮ ಪ್ರಕಾಶ್ ರೈ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಅಭಿನಯ. ಅದರಲ್ಲಿ ನಿರ್ದೇಶಕರು ಯಾರಿಗೂ ಸೊಪ್ಪು ಹಾಕಿಲ್ಲ. ಗಲ್ಲಾಪೆಟ್ಟಿಗೆ ತುಂಬಲಿಲ್ಲ. ಕೇಳಿದವರಿಗೆಲ್ಲ ನಾನು ಅದನ್ನೇ ಅವರ ಸ್ವಂತ ಸಿನಿಮಾ ಎನ್ನುತ್ತೇನೆ. ಮೇಡಂ ಅವರು ಒಂದು ತುದಿಗೆ ಮೊದಲ ಚಿತ್ರವನ್ನೂ ಇನ್ನೊಂದು ತುದಿಗೆ ಭಾರಿ ಚಿತ್ರವನ್ನೂ ಇಟ್ಟಿದ್ದರಿಂದ ನಡುವಿನವು ಕಣ್ಣಿಗೆ ಬೀಳದೆ ಹೋದವು.

ಸೇಡಂ ರಸ್ತೆ (ಕಲಬುರಗಿ):

‘ಇರುವರ್’ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬೀದರಿನ ಸರ್ ‘ಪಗಲ್ ನಿಲವು’ ತೋರಿಸಿ ನನ್ನ ಬಾಯಿ ಮುಚ್ಚಿಸಲು ನೋಡುತ್ತಿದ್ದಾರೆ, ಅದಕ್ಕೆ ಉತ್ತರ ಹೇಳಲೇಬೇಕು. ಆರಂಭದ ಚಿತ್ರಗಳೆಲ್ಲ ಸ್ವಂತದ್ದು ಎಂದು ನಾನು ಎಲ್ಲಿಯೂ ಹೇಳಿಲ್ಲ. ಈ ಒಂದು ಚಿತ್ರದಲ್ಲಿ ಹಣದ ಕೊರತೆ ಒಳ್ಳೆಯದನ್ನೇ ಮಾಡಿತು ಎನ್ನುತ್ತಿದ್ದೇನೆ. ಹೊಸಬನ ಚಿತ್ರಕ್ಕೆ ಇಳಯರಾಜ ತುಂಬ ಕಡಿಮೆ ಸಂಭಾವನೆಗೆ ಒಪ್ಪಿದರು, ಬಾಲು ಮಹೇಂದ್ರ ಬಂದರು, ಸಂಕಲನಕ್ಕೆ ಲೆನಿನ್ ಬಂದರು. ಬಾಲು ಮಹೇಂದ್ರ ಅವರ ಸ್ವಂತ ನಿರ್ದೇಶನವೂ ಕನ್ನಡದಲ್ಲೇ, 1977ರ ‘ಕೋಕಿಲ’ದಿಂದ, ಶುರುವಾದದ್ದು ಎಂಬುದನ್ನು ಮಕ್ಕಳಿಗೆ ಹೇಳಿದಾಗ ಇನ್ನೊಮ್ಮೆ ಮೊಬೈಲು ಹೊರಬಂದವು. ದೊಡ್ಡ ಸೆಟ್ಟು ಹಾಕಲು ದುಡ್ಡಿಲ್ಲದಿದ್ದಾಗ ನಿರ್ದೇಶಕನಿಗೆ ಉಳಿಯುವುದು ಮನುಷ್ಯರ ಮುಖ ಮತ್ತು ಕಿಟಕಿಯ ಬೆಳಕು. ಅವರು ಅವೆರಡನ್ನೇ ನಂಬಿದರು. ‘ಪೊನ್ನಿಯಿನ್ ಸೆಲ್ವನ್’ನಲ್ಲಿ ಎಲ್ಲವೂ ಕೈಯಲ್ಲಿತ್ತು, ಹಾಗಾಗಿ ಯಾವುದೊಂದನ್ನೂ ನಂಬಬೇಕಾಗಿ ಬರಲಿಲ್ಲ.

ಹಳೇ ಪ್ರೊಜೆಕ್ಟರ್ (ಕಲಬುರಗಿ):

ಆ ಕಿಟಕಿಯ ಬೆಳಕನ್ನೇ ನಮ್ಮ ಊರು ನೋಡಲಿಲ್ಲ ಮೇಡಂ.

ಸಗರನಾಡು (ಶಹಾಪುರ):

ಹಾಗಾದರೆ ‘ಮೌನ ರಾಗಂ’ ಏನು ಮಾಡುತ್ತೀರಿ? ದೆಹಲಿಯ ಒಂದು ಮನೆ, ಗಂಡ ಹೆಂಡತಿ ಇಬ್ಬರು, ಪಿ.ಸಿ. ಶ್ರೀರಾಮ್ ಅವರ ಅರೆಗತ್ತಲು. ಸಣ್ಣದೂ ಹೌದು, ಜನ ಮೆಚ್ಚಿದ್ದೂ ಹೌದು, ತಮಿಳಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದೂ ಹೌದು. ನಿಮ್ಮ ಎರಡು ಗುಂಪುಗಳಲ್ಲಿ ಇದನ್ನು ಯಾವುದಕ್ಕೆ ಸೇರಿಸುತ್ತೀರಿ?

ಸೇಡಂ ರಸ್ತೆ (ಕಲಬುರಗಿ):

ಅಕ್ಕಾ, ‘ಮೌನ ರಾಗಂ’ ನನಗೂ ಇಷ್ಟ. ಆದರೆ ಅಲ್ಲಿ ದಿವ್ಯಾ ವಿಚ್ಛೇದನದ ಕಾಗದ ಹಿಡಿದು ರೈಲು ಹತ್ತಿದ ಮೇಲೂ ನಿರ್ದೇಶಕರಿಗೆ ಸಮಾಧಾನವಾಗುವುದಿಲ್ಲ. ಗಂಡ ಓಡಿಬಂದು ರೈಲು ನಿಲ್ಲಿಸಲೇಬೇಕು. ಅಷ್ಟು ಹೊತ್ತು ಅವಳ ಮನಸ್ಸಿನ ಜೊತೆಗಿದ್ದ ಚಿತ್ರ ಕೊನೆಯ ಹತ್ತು ನಿಮಿಷದಲ್ಲಿ ಪ್ರೇಕ್ಷಕರ ಮನಸ್ಸಿನ ಜೊತೆ ಹೋಗುತ್ತದೆ. ಆ ರೈಲು ಹೊರಟುಹೋಗಿದ್ದರೆ ನಾನು ಈ ಚರ್ಚೆಯನ್ನೇ ಹಾಕುತ್ತಿರಲಿಲ್ಲ.

ನಿಜಾಂ ಏರಿಯಾ (ಕಲಬುರಗಿ):

ಆ ರೈಲು ಹೊರಟುಹೋಗಿದ್ದರೆ ‘ನಾಯಗನ್’ ಮಾಡಲು ಯಾವ ನಿರ್ಮಾಪಕರೂ ದುಡ್ಡು ಹಾಕುತ್ತಿರಲಿಲ್ಲ ಮೇಡಂ.

ಸಗರನಾಡು (ಶಹಾಪುರ):

ದಿವ್ಯಾ ಆ ಕಾಗದವನ್ನು ತಾನೇ ಹರಿದು ಹಾಕುತ್ತಾಳೆ, ಗಂಡ ರೈಲು ನಿಲ್ಲಿಸುವುದಕ್ಕೆ ಮೊದಲೇ. ರೈಲು ನಿಂತದ್ದು ಅವನು ಸರಪಳಿ ಎಳೆದದ್ದರಿಂದ, ಸರಿ; ಮನಸ್ಸು ತಿರುಗಿದ್ದು ಅವಳದೇ. ಮಕ್ಕಳಿಗೆ ಅದನ್ನೂ ತೋರಿಸಿ, ಆಮೇಲೆ ಹುಡುಗಿಯರನ್ನು ಮೊದಲು ಮಾತಾಡಲು ಬಿಡಿ.